ತಲೆಗೆ ಮ್ಯಾಗ್ನೆಟ್, ಕಣ್ಣೆದುರು ಕಂಪ್ಯೂಟರ್: ಮರೆವಿನ ಕಾಯಿಲೆಗೆ ಹೊಸ ಮದ್ದು ಅನ್ನೋದು ಎಷ್ಟು ನಿಜ?

ಸಾಲ ಮಾಡೋ ಮುಂಚೆ ಕೋಲಾರ ಜಿಲ್ಲೆಯ ಮನೆಗಳು ತಿಳಿದುಕೊಳ್ಳಬೇಕಾದ ಲೆಕ್ಕ

ಕೋಲಾರ: ಆಪರೇಷನ್ ಬೇಡ, ಮಾತ್ರೆ ಬೇಡ, ಆರು ವಾರ ತಲೆಗೆ ಮ್ಯಾಗ್ನೆಟ್ ಹಿಡಿದರೆ ಹೋದ ನೆನಪು ವಾಪಸ್ ಬರುತ್ತೆ. ಈ ಧಾಟಿಯ ವಿಡಿಯೊಗಳು ಈಗ ವಾಟ್ಸ್‌ಆ್ಯಪ್‌ನಲ್ಲಿ ಹಳ್ಳಿ ಹಳ್ಳಿಗೂ ಬರ್ತಿವೆ. ಮನೆಯಲ್ಲಿ ಮಗನ ಹೆಸರೇ ಮರೆತು ಕೂತಿರೋ ತಂದೆಯೋ, ಒಲೆ ಮೇಲೆ ಹಾಲಿಟ್ಟು ಬೀದಿಗೆ ಹೊರಟುಬಿಡೋ ತಾಯಿಯೋ ಇದ್ದರೆ ಇಂಥ ವಿಡಿಯೊ ನೋಡಿದವರಿಗೆ ಆಸೆ ಹುಟ್ಟೋದು ಸಹಜ. ಬೆಂಗಳೂರು ಇಲ್ಲಿಂದ 70 ಕಿಲೋಮೀಟರ್ ಅಷ್ಟೇ. ಒಡವೆ ಅಡವಿಟ್ಟಾದರೂ ಒಂದು ಸಲ ಮಾಡಿಸೋಣ ಅನ್ನೋ ಮಾತು ಮನೆಯಲ್ಲಿ ಏಳೋಕೆ ಹೆಚ್ಚು ಹೊತ್ತು ಬೇಕಾಗಲ್ಲ.

ಈ ಚಿಕಿತ್ಸೆ ಪೂರ್ತಿ ಸುಳ್ಳಲ್ಲ. ಹಾಗಂತ ವಿಡಿಯೊಗಳಲ್ಲಿ ಹೇಳೋ ಅಷ್ಟು ನಿಜವೂ ಅಲ್ಲ. ಇದರ ಹಿಂದೆ ಹದಿನೈದು ವರ್ಷಕ್ಕೂ ಹೆಚ್ಚಿನ ಸಂಶೋಧನೆ ಇದೆ, ಒಂದು ದೊಡ್ಡ ಪರೀಕ್ಷೆ ಇದೆ, ಅಮೆರಿಕ ಸರ್ಕಾರದ ತಜ್ಞರ ಸಮಿತಿ ಅದನ್ನು ಪ್ರಶ್ನಿಸಿದ ಕಥೆಯೂ ಇದೆ. ಅದನ್ನು ತಿಳಿದುಕೊಂಡ ಮೇಲೆ ನಿರ್ಧಾರ ಮಾಡಿದರೆ ಮೋಸ ಹೋಗೋ ಸಾಧ್ಯತೆ ಕಡಿಮೆ.

ನಮ್ಮ ಜಿಲ್ಲೆಗೂ ಈ ಕಾಯಿಲೆಗೂ ಏನು ನಂಟು?

ಅರವತ್ತಕ್ಕೆ ಅರಳು ಮರಳು ಅಂತ ಹೇಳಿ ಸುಮ್ಮನಾಗೋದು ನಮ್ಮ ಕಡೆ ರೂಢಿ. ಆದರೆ ಡಿಮೆನ್ಶಿಯಾ ಅನ್ನೋದು ವಯಸ್ಸಿನ ಮಾಮೂಲಿ ಮರೆವಲ್ಲ, ಕಾಯಿಲೆ. ಅದರಲ್ಲಿ ಹೆಚ್ಚು ಜನರಿಗೆ ಬರೋ ವಿಧ ಅಲ್ಜೈಮರ್. ಮಿದುಳಿನಲ್ಲಿ ಅಮೈಲಾಯ್ಡ್, ಟೌ ಅನ್ನೋ ಪ್ರೋಟೀನ್‌ಗಳು ಗಡ್ಡೆಕಟ್ಟಿ, ನರಕೋಶಗಳು ಒಂದೊಂದಾಗಿ ಸಾಯ್ತಾ ಹೋಗುತ್ತವೆ. ಮರೆವು ಕಣ್ಣಿಗೆ ಬೀಳೋ ಹೊತ್ತಿಗೆ ಒಳಗೆ ಇದು ಶುರುವಾಗಿ ಹದಿನೈದು ಇಪ್ಪತ್ತು ವರ್ಷ ಆಗಿರಬಹುದು.

ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಶಿಯಾ ಇದೆ, ಒಟ್ಟು ಸಂಖ್ಯೆ ಸುಮಾರು 88 ಲಕ್ಷ ಅಂತ 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದು ಹೆಚ್ಚು ಅನ್ನೋದೂ ಅದರಲ್ಲೇ ಗೊತ್ತಾಯಿತು. ಕೋಲಾರ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 15.36 ಲಕ್ಷ. ಹತ್ತರಲ್ಲಿ ಒಬ್ಬರು 60 ದಾಟಿದವರು ಅಂತ ಇಟ್ಟುಕೊಂಡರೂ ಒಂದೂವರೆ ಲಕ್ಷ ಹಿರಿಯರಾಗುತ್ತಾರೆ. ಅದರಲ್ಲಿ ಶೇ 7.4 ಅಂದರೆ 11 ಸಾವಿರಕ್ಕೂ ಹೆಚ್ಚು. ಇದು ಒರಟು ಲೆಕ್ಕ, ಹಾಗಿದ್ದರೂ ಒಂದು ದೊಡ್ಡ ಹೋಬಳಿ ಕೇಂದ್ರದ ಜನಸಂಖ್ಯೆಯಷ್ಟು ಆಯಿತು.

ಇನ್ನೊಂದು ನಂಟೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆವರಣದಲ್ಲಿರೋ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಶ್ರೀನಿವಾಸಪುರ ತಾಲ್ಲೂಕಿನಲ್ಲೇ ಅಧ್ಯಯನ ನಡೆಸ್ತಿದೆ. 45 ವರ್ಷ ದಾಟಿದ 10 ಸಾವಿರ ಗ್ರಾಮೀಣ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಯಾರ ನೆನಪು ಹೇಗೆ ಕುಗ್ಗುತ್ತೆ, ಯಾಕೆ ಕುಗ್ಗುತ್ತೆ ಅಂತ ನೋಡೋದು ಅದರ ಗುರಿ. ಮಾವಿಗೆ ಹೆಸರಾದ ತಾಲ್ಲೂಕು ಈಗ ಮರೆವಿನ ಸಂಶೋಧನೆಯ ನಕ್ಷೆಯಲ್ಲೂ ಇದೆ. ಆದರೆ ಅದು ಅಧ್ಯಯನ, ಚಿಕಿತ್ಸೆ ಅಲ್ಲ ಅನ್ನೋದು ನೆನಪಿರಲಿ.

ಕರೆಂಟ್ ಕೊಡೋದು ಬೇರೆ, ಇದು ಬೇರೆ

ಮೊದಲು ಒಂದು ಗೊಂದಲ ಬಿಡಿಸಬೇಕು. ತಲೆಗೆ ಮ್ಯಾಗ್ನೆಟ್ ಹಿಡೀತಾರೆ ಅಂದ ಕೂಡಲೆ ಸಿನಿಮಾದಲ್ಲಿ ತೋರಿಸೋ ಶಾಕ್ ಟ್ರೀಟ್‌ಮೆಂಟ್ ಅಂತ ಜನ ಅಂದ್ಕೋತಾರೆ. ಅದು ಇಸಿಟಿ. ಅರಿವಳಿಕೆ ಕೊಟ್ಟು, ಮಾನಸಿಕ ಕಾಯಿಲೆಗಳಿಗೆ ಮಾಡೋ ಬೇರೆಯದೇ ಚಿಕಿತ್ಸೆ.

ಇಲ್ಲಿ ಹೇಳ್ತಿರೋದು ಟಿಎಂಎಸ್. ತಂತಿಯ ಸುರುಳಿಯನ್ನು ತಲೆಗೆ ಒತ್ತಿ ಹಿಡಿದು ಅದರಲ್ಲಿ ಕ್ಷಣಮಾತ್ರ ಜೋರಾಗಿ ಕರೆಂಟ್ ಹರಿಸ್ತಾರೆ. ಅದರಿಂದ ಹುಟ್ಟೋ ಕಾಂತಕ್ಷೇತ್ರ ಬುರುಡೆ ದಾಟಿ, ಕೆಳಗಿರೋ ನರಕೋಶಗಳಲ್ಲಿ ಸಣ್ಣ ಕರೆಂಟ್ ಎಬ್ಬಿಸುತ್ತೆ. ರೋಗಿ ಎಚ್ಚರವಾಗೇ ಇರ್ತಾರೆ. ಟಕ್ ಟಕ್ ಅಂತ ಸದ್ದು ಬರುತ್ತೆ, ಬಡಿದ ಹಾಗೆ ಅನಿಸುತ್ತೆ. ಕೆಲವರಿಗೆ ತಲೆನೋವು ಬರುತ್ತೆ. ಅಪರೂಪಕ್ಕೆ ಫಿಟ್ಸ್ ಬರೋ ಅಪಾಯ ಇದೆ. ಮೂರ್ಛೆ ರೋಗ ಇದ್ದವರು, ತಲೆಯೊಳಗೆ ಲೋಹದ ಕ್ಲಿಪ್ ಹಾಕಿಸಿಕೊಂಡವರು, ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಇರೋರು, ಎದೆಯಲ್ಲಿ ಪೇಸ್‌ಮೇಕರ್ ಇರೋರು ಮೊದಲೇ ಡಾಕ್ಟರಿಗೆ ಹೇಳಲೇಬೇಕು.

1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆ್ಯಂಟನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ಮೊದಲು ಮಾಡಿ ತೋರಿಸಿದರು. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮಾತ್ರೆಗೆ ಬಗ್ಗದ ಖಿನ್ನತೆಗೆ ಇದನ್ನು ಬಳಸಲು ಒಪ್ಪಿಗೆ ಕೊಟ್ಟಿತು. ಅಂದರೆ ಮಷಿನ್ ಹೊಸದಲ್ಲ, ಮೋಸದ್ದೂ ಅಲ್ಲ. ಖಿನ್ನತೆಗೆ ಒಪ್ಪಿಗೆ ಸಿಕ್ಕಿದ ಮಷಿನ್ನು ಮರೆವಿಗೂ ಕೆಲಸ ಮಾಡುತ್ತಾ ಅನ್ನೋದೇ ಇಲ್ಲಿರೋ ಪ್ರಶ್ನೆ. ಮೆಣಸಿನ ಗಿಡಕ್ಕೆ ಹೊಡೆಯೋ ಔಷಧ ಟೊಮೆಟೊ ರೋಗಕ್ಕೂ ಆಗುತ್ತೆ ಅಂತ ಅಂಗಡಿಯವನು ಹೇಳಿದರೆ ರೈತ ನಂಬ್ತಾನಾ? ಒಂದು ಸಾಲಿಗೆ ಹೊಡೆದು ನೋಡ್ತಾನೆ. ಇಲ್ಲೂ ಹಾಗೆ ಪರೀಕ್ಷೆ ಮಾಡೇ ತಿಳಿಯಬೇಕು.

ಇಸ್ರೇಲ್‌ನ ಮಷಿನ್, ಅಮೆರಿಕದ ಸಮಿತಿ

ಇಂಥ ಪರೀಕ್ಷೆಗೆ ಮುಂದಾಗಿದ್ದು ಇಸ್ರೇಲ್‌ನ ನ್ಯೂರೋನಿಕ್ಸ್ ಅನ್ನೋ ಕಂಪನಿ. ಅವರ ಯಂತ್ರದ ಹೆಸರು ನ್ಯೂರೋಎಡಿ. ಮ್ಯಾಗ್ನೆಟ್ ಒಂದೇ ಸಾಲದು, ಮಿದುಳಿಗೆ ವ್ಯಾಯಾಮವನ್ನೂ ಜೊತೆಗೇ ಕೊಡಬೇಕು ಅನ್ನೋದು ಅವರ ಯೋಚನೆ. ಮಾತು, ಯೋಜನೆ, ಜಾಗದ ಗುರುತು ಇಂಥ ಕೆಲಸ ನೋಡಿಕೊಳ್ಳೋ ಆರು ಜಾಗಗಳನ್ನು ಮಿದುಳಿನಲ್ಲಿ ಗುರುತು ಮಾಡಿದರು. ಒಂದು ಜಾಗಕ್ಕೆ ಕಾಂತದ ಏಟು ಕೊಟ್ಟ ಕೂಡಲೆ, ಅದೇ ಜಾಗ ಮಾಡಬೇಕಾದ ಕೆಲಸವನ್ನು ಪರದೆ ಮೇಲೆ ಕೊಡ್ತಾರೆ. ವಾಕ್ಯ ಸರಿ ಇದೆಯಾ ತಪ್ಪಿದೆಯಾ ಹೇಳಿ, ಚಿತ್ರದಲ್ಲಿರೋ ವಸ್ತುವಿನ ಹೆಸರು ಹೇಳಿ, ಈ ಗುಂಪಿಗೆ ಸೇರದ್ದು ಯಾವುದು ಆರಿಸಿ, ಹೀಗೆ. ದಿನಕ್ಕೆ ಸುಮಾರು ಒಂದು ಗಂಟೆ, ವಾರಕ್ಕೆ ಐದು ದಿನ, ಒಟ್ಟು ಆರು ವಾರ.

ಹೊಲ ಹಸಿ ಇದ್ದಾಗ ಬಿತ್ತಿದರೆ ಬೀಜ ಹಿಡಿಯುತ್ತೆ ಅನ್ನೋ ಲೆಕ್ಕಾಚಾರವೇ ಇಲ್ಲೂ ಇರೋದು. ಕಾಂತ ನರಕೋಶವನ್ನು ಎಬ್ಬಿಸಿದ ಗಳಿಗೆಯಲ್ಲೇ ಅದಕ್ಕೆ ಕೆಲಸ ಕೊಟ್ಟರೆ ಕೋಶಗಳ ನಡುವಿನ ಕೊಂಡಿ ಗಟ್ಟಿಯಾಗಬಹುದು.

ಯುರೋಪಿನಲ್ಲಿ ಮಾರೋಕೆ ಬೇಕಾದ ಸಿಇ ಗುರುತು ಇದಕ್ಕೆ 2012ರಲ್ಲೇ ಸಿಕ್ಕಿತು. ಸಣ್ಣ ಪ್ರಯೋಗಗಳಲ್ಲಿ ಫಲಿತಾಂಶವೂ ಚೆನ್ನಾಗಿ ಕಾಣಿಸಿತ್ತು. ಆಮೇಲೆ ಅಮೆರಿಕ ಮತ್ತು ಇಸ್ರೇಲ್‌ನಲ್ಲಿ ಸುಮಾರು 130 ರೋಗಿಗಳ ಮೇಲೆ ದೊಡ್ಡ ಪರೀಕ್ಷೆ ನಡೀತು. ಮೂವರಲ್ಲಿ ಇಬ್ಬರಿಗೆ ಅಸಲಿ ಚಿಕಿತ್ಸೆ, ಒಬ್ಬರಿಗೆ ಡಮ್ಮಿ. ಡಮ್ಮಿಯಲ್ಲೂ ಸದ್ದು ಬರುತ್ತೆ, ಕುರ್ಚಿ ಅದೇ, ಉಪಚಾರವೂ ಅದೇ. ಕಾಂತದ ಏಟು ಮಾತ್ರ ಮಿದುಳಿಗೆ ತಲುಪಲ್ಲ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಅಂಕ ಹಾಕೋರಿಗೂ ಗೊತ್ತಿಲ್ಲ.

ಡಮ್ಮಿ ಯಾಕೆ ಬೇಕು ಅಂತ ಕೇಳಬಹುದು. ದಿನಾ ಒಂದು ಗಂಟೆ ಯಾರೋ ಪಕ್ಕದಲ್ಲಿ ಕೂತು ಮಾತಾಡಿಸಿ, ಚೆನ್ನಾಗಿ ಮಾಡಿದ್ರಿ ಅಜ್ಜಾ ಅಂದರೆ ಯಾವ ಹಿರಿಯರಿಗೂ ಸ್ವಲ್ಪ ಗೆಲುವು ಬರುತ್ತೆ. ಮನೆಯವರಿಗೂ ಹಾಗೇ ಕಾಣಿಸುತ್ತೆ. ಆ ಗೆಲುವು ಮಷಿನ್‌ನಿಂದ ಬಂತಾ, ಮನುಷ್ಯರಿಂದ ಬಂತಾ ಅಂತ ಬೇರ್ಪಡಿಸೋಕೆ ಡಮ್ಮಿ ಬಿಟ್ಟರೆ ಬೇರೆ ದಾರಿ ಇಲ್ಲ.

ನೆನಪು, ಭಾಷೆ ಅಳೆಯೋ ಎಡಾಸ್-ಕಾಗ್ ಅನ್ನೋ 70 ಅಂಕದ ಪರೀಕ್ಷೆಯಲ್ಲಿ ಎರಡೂ ಗುಂಪುಗಳನ್ನು ಹೋಲಿಸಿದರು. ಏಳನೇ ವಾರಕ್ಕೆ ನೋಡಿದಾಗ, ಮೊದಲೇ ಬರೆದಿಟ್ಟುಕೊಂಡಿದ್ದ ಮುಖ್ಯ ಗುರಿ ಎಲ್ಲ ರೋಗಿಗಳನ್ನೂ ಸೇರಿಸಿದಾಗ ಮುಟ್ಟಲಿಲ್ಲ. ಆಮೇಲೆ ಕಂಪನಿ ಕಾಯಿಲೆ ಅಷ್ಟಾಗಿ ಮುಂದುವರಿಯದವರನ್ನು ಮಾತ್ರ ಬೇರೆ ಮಾಡಿ ಲೆಕ್ಕ ಹಾಕಿತು. ರೋಗಿಗಳಲ್ಲಿ ಸುಮಾರು ಶೇ 85ರಷ್ಟು ಇವರೇ. ಇವರಲ್ಲಿ ಅಸಲಿ ಚಿಕಿತ್ಸೆ ಪಡೆದವರು ಮುಂದಿದ್ದರು. ಆದರೆ ಮುಂದಿದ್ದದ್ದು ಒಂದೆರಡು ಅಂಕದಷ್ಟು. ಈ ಪರೀಕ್ಷೆಯಲ್ಲಿ ರೋಗಿಗೂ ಮನೆಯವರಿಗೂ ಅನುಭವಕ್ಕೆ ಬರೋ ಬದಲಾವಣೆ ಅನ್ನಬೇಕಾದರೆ ಸುಮಾರು ನಾಲ್ಕು ಅಂಕ ಬೇಕು ಅನ್ನೋದು ತಜ್ಞರಲ್ಲಿ ಹಳೆಯ ವಾಡಿಕೆ.

2019ರ ಮಾರ್ಚ್ 21ರಂದು ಎಫ್‌ಡಿಎಯ ನರರೋಗ ಉಪಕರಣಗಳ ತಜ್ಞ ಸಮಿತಿ ಈ ಅರ್ಜಿ ನೋಡಿತು. ಅಪಾಯ ಕಡಿಮೆ ಅನ್ನೋದನ್ನು ಒಪ್ಪಿತು. ಪ್ರಯೋಜನಕ್ಕೆ ಪುರಾವೆ ಸಾಲದು ಅನ್ನೋದು ಸಮಿತಿಯ ಒಟ್ಟು ಅಭಿಪ್ರಾಯ. ಫಲಿತಾಂಶ ಬಂದ ಮೇಲೆ ಗುಂಪು ಬೇರೆ ಮಾಡಿ ಗೆದ್ದೆವು ಅನ್ನೋದು, ಮ್ಯಾಚ್ ಮುಗಿದ ಮೇಲೆ ಬೌಂಡರಿ ಗೆರೆ ಎಳೆದ ಹಾಗೆ. ಅದು ಸುಳ್ಳೇ ಆಗಬೇಕಿಲ್ಲ. ಆದರೆ ಆ ಗುಂಪನ್ನೇ ಮೊದಲು ಆರಿಸಿಕೊಂಡು ಮತ್ತೊಂದು ಪರೀಕ್ಷೆ ಮಾಡಿ ತೋರಿಸಬೇಕು.

ಹಾಗಾದರೆ ಬಾಗಿಲು ಮುಚ್ಚಿತಾ?

ಇಲ್ಲ. ಇಟಲಿಯ ರೋಮ್‌ನಲ್ಲಿರೋ ಸಾಂತಾ ಲೂಚಿಯಾ ಫೌಂಡೇಷನ್‌ನ ಜಾಕೊಮೊ ಕೋಖ್ ತಂಡ ಬೇರೆ ದಾರಿ ಹಿಡಿಯಿತು. ಆರು ಜಾಗದ ಬದಲು ಒಂದೇ ಜಾಗ, ಪ್ರಿಕ್ಯೂನಿಯಸ್. ಅಲ್ಜೈಮರ್‌ನಲ್ಲಿ ಮೊದಲ ಹಂತದಲ್ಲೇ ಏಟು ತಿನ್ನೋ ಭಾಗಗಳಲ್ಲಿ ಇದೂ ಒಂದು. 50 ರೋಗಿಗಳಿಗೆ ಎರಡು ವಾರ ದಿನವೂ, ಆಮೇಲೆ 22 ವಾರ ವಾರಕ್ಕೊಂದು ಸಲ ಚಿಕಿತ್ಸೆ. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ ಅಸಲಿ ಚಿಕಿತ್ಸೆ ಪಡೆದವರ ಸ್ಥಿತಿ ಆರು ತಿಂಗಳು ಹೆಚ್ಚುಕಡಿಮೆ ಹಾಗೇ ನಿಂತಿತ್ತು, ಡಮ್ಮಿ ಪಡೆದವರದ್ದು ಕುಸಿಯಿತು.

ಇದು ನಿಜವಾಗಲೂ ಒಳ್ಳೆ ಸುದ್ದಿ. ಆದರೆ ಎರಡು ವಿಷಯ ಗಮನಿಸಬೇಕು. ಒಂದು, 50 ಜನ ಅಂದರೆ ಸಣ್ಣ ಸಂಖ್ಯೆ. ಇನ್ನೊಂದು, ಗೆಲುವು ಅಂತ ಅವರು ಕರೆದದ್ದು ನೆನಪು ವಾಪಸ್ ಬಂದಿದ್ದನ್ನಲ್ಲ, ಇದ್ದದ್ದು ಕುಸಿಯದೆ ನಿಂತಿದ್ದನ್ನು. ವಿಡಿಯೊಗಳಲ್ಲಿ ಹೇಳೋದು ಮಾತ್ರ ವಾಪಸ್ ಬರುತ್ತೆ ಅಂತ.

ಬೇರೆ ಪ್ರಯೋಗಗಳ ಕಥೆಯೂ ಇದೇ ರೀತಿ ಏರಿಳಿತದ್ದು. ಬುರುಡೆ ಕೊರೆದು ಮಿದುಳಿನ ಆಳಕ್ಕೆ ತಂತಿ ಇಳಿಸೋ ಚಿಕಿತ್ಸೆಯನ್ನು 42 ರೋಗಿಗಳಲ್ಲಿ ಪರೀಕ್ಷೆ ಮಾಡಿದರು. 2016ರಲ್ಲಿ ಬಂದ ಫಲಿತಾಂಶದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಸೆಕೆಂಡಿಗೆ 40 ಸಲ ಮಿನುಗೋ ಬೆಳಕು ತೋರಿಸಿದರೆ ಇಲಿಗಳ ಮಿದುಳಿನಲ್ಲಿ ಅಮೈಲಾಯ್ಡ್ ಕಡಿಮೆಯಾಗುತ್ತೆ ಅಂತ ಅಮೆರಿಕದ ಎಂಐಟಿಯ ಲಿ-ಹುಯೆ ತ್ಸಾಯ್ ತಂಡ 2016ರಲ್ಲಿ ಹೇಳಿ ಜಗತ್ತಿನ ಗಮನ ಸೆಳೆಯಿತು. 2023ರಲ್ಲಿ ನ್ಯೂಯಾರ್ಕ್‌ನ ಇನ್ನೊಂದು ತಂಡ ಅದನ್ನೇ ಮಾಡಿ ನೋಡಿದಾಗ ಆ ಪರಿಣಾಮ ಸಿಗಲಿಲ್ಲ. ಮನುಷ್ಯರ ಮೇಲೆ ದೊಡ್ಡ ಪರೀಕ್ಷೆಯನ್ನೂ ಕೈಗೆತ್ತಿಕೊಂಡಿದ್ದಾರೆ.

ಬೇರೆ ಮದ್ದುಗಳೂ ಪವಾಡ ಮಾಡಿಲ್ಲ ಅನ್ನೋದನ್ನೂ ಹೇಳಬೇಕು. ಡೊನೆಪೆಜಿಲ್, ಮೆಮಾಂಟಿನ್ ಮಾತ್ರೆಗಳಿಂದ ಕೆಲವರಿಗೆ ಸ್ವಲ್ಪ ದಿನ ಅನುಕೂಲ ಆಗುತ್ತೆ, ಕಾಯಿಲೆ ನಿಲ್ಲಲ್ಲ. ಅಮೆರಿಕ 2023ರಲ್ಲಿ ಲೆಕಾನೆಮಾಬ್, 2024ರಲ್ಲಿ ಡೊನಾನೆಮಾಬ್ ಇಂಜೆಕ್ಷನ್‌ಗಳಿಗೆ ಪೂರ್ಣ ಒಪ್ಪಿಗೆ ಕೊಟ್ಟಿತು. ಅವು ಅಮೈಲಾಯ್ಡ್ ತೆಗೆದುಹಾಕ್ತವೆ, ಕುಸಿತದ ವೇಗ ತಗ್ಗಿಸ್ತವೆ. ಆದರೆ ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯ ಇರೋದರಿಂದ ಮತ್ತೆ ಮತ್ತೆ ಎಂಆರ್‌ಐ ಮಾಡಿಸ್ತಾ ಇರಬೇಕು.

ಮೊಬೈಲ್ ಆಟ ಆಡಿದರೆ ಸಾಕಾ?

ಮ್ಯಾಗ್ನೆಟ್ ಬಿಟ್ಟು ಬರೀ ಮಿದುಳು ವ್ಯಾಯಾಮದ ಮಾತೇನು? ಇಲ್ಲೂ ಒಂದು ಎಚ್ಚರಿಕೆಯ ಕಥೆ ಇದೆ. ಲುಮೋಸಿಟಿ ಅನ್ನೋ ಅಮೆರಿಕದ ಪ್ರಸಿದ್ಧ ಆ್ಯಪ್, ನಮ್ಮ ಆಟ ಆಡಿದರೆ ವಯಸ್ಸಿನ ಮರೆವು ತಡೆಯಬಹುದು ಅನ್ನೋ ರೀತಿ ಜಾಹೀರಾತು ಮಾಡಿತ್ತು. ಹಾಗೆ ಹೇಳೋಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಅಲ್ಲಿನ ಗ್ರಾಹಕ ಹಿತ ನೋಡೋ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿತು. 2016ರ ಜನವರಿಯಲ್ಲಿ ಕಂಪನಿ 20 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು.

ಆಟ ಆಡಿ ಆಟದಲ್ಲಿ ಜಾಣರಾಗೋದು ಸುಲಭ. ಆ ಜಾಣತನ ಅಡುಗೆಮನೆಗೆ, ಸಂತೆಗೆ, ಬಸ್ ನಂಬರ್ ನೆನಪಿಡೋಕೆ ಬರುತ್ತಾ ಅನ್ನೋದೇ ಕಷ್ಟದ ಪ್ರಶ್ನೆ. ಅಮೆರಿಕದಲ್ಲಿ 65 ದಾಟಿದ 2,832 ಆರೋಗ್ಯವಂತರ ಮೇಲೆ ನಡೆದ ಆ್ಯಕ್ಟಿವ್ ಅನ್ನೋ ಅಧ್ಯಯನದಲ್ಲಿ ಮೂರು ಬಗೆಯ ತರಬೇತಿ ಕೊಟ್ಟರು. ಕಣ್ಣಿಗೆ ಬಿದ್ದದ್ದನ್ನು ಬೇಗ ಗುರುತಿಸೋ ತರಬೇತಿ ಪಡೆದವರಲ್ಲಿ ಹತ್ತು ವರ್ಷದಲ್ಲಿ ಡಿಮೆನ್ಶಿಯಾ ಅಪಾಯ ಶೇ 29 ಕಡಿಮೆ ಅಂತ 2017ರಲ್ಲಿ ವರದಿ ಬಂತು. ನೆನಪಿನ ತರಬೇತಿಗೆ ಅಂಥ ಫಲ ಸಿಗಲಿಲ್ಲ. ಗಮನಿಸಿ, ಇದು ಕಾಯಿಲೆ ಇಲ್ಲದವರ ಮೇಲೆ ಮಾಡಿದ್ದು. ಬಂದ ಕಾಯಿಲೆ ವಾಸಿ ಮಾಡಿದ್ದಲ್ಲ.

ನಮ್ಮ ಜಿಲ್ಲೆಗೆ ಇಲ್ಲಿ ಇನ್ನೊಂದು ತೊಡಕೂ ಇದೆ. ಪರದೆ ಮೇಲೆ ವಾಕ್ಯ ಓದಿ ಸರಿ ತಪ್ಪು ಹೇಳಿ ಅನ್ನೋ ತರಬೇತಿ, ಶಾಲೆ ಮೆಟ್ಟಿಲೇ ಹತ್ತದ ಅಜ್ಜಿಗೆ ಏನು ಮಾಡುತ್ತೆ? ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೆಜಿಎಫ್‌ ಕಡೆ ತಮಿಳು ಆಡೋ ಜನರಿಗೆ ಇಂಗ್ಲಿಷ್ ಸಾಫ್ಟ್‌ವೇರ್ ಯಾವ ಉಪಯೋಗಕ್ಕೆ? ಮರೆವು ಅಳೆಯೋದಕ್ಕೇ ಇಲ್ಲಿನ ಭಾಷೆ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡ, ತೆಲುಗು ಸೇರಿ ಐದು ಭಾಷೆಗಳಲ್ಲಿ ಪರೀಕ್ಷಾ ಕಿಟ್ ಸಿದ್ಧ ಮಾಡಿಸಬೇಕಾಯಿತು. ಅಳತೆಗೇ ಇಷ್ಟು ಕಷ್ಟ ಇದ್ದಾಗ ತರಬೇತಿ ಮಾತು ದೂರ.

ಇದೇ ಭಾಷೆಯ ವಿಷಯದಲ್ಲಿ ಸಮಾಧಾನದ ಸಂಗತಿಯೂ ಇದೆ. ಈಗ ನಿಮ್ಹಾನ್ಸ್‌ನಲ್ಲಿರೋ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದ್‌ನ 648 ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿದಾಗ, ಒಂದಕ್ಕಿಂತ ಹೆಚ್ಚು ಭಾಷೆ ಆಡೋರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಭಾಷೆಯೇ ಕಾರಣ ಅಂತ ಇದರಿಂದ ಖಚಿತವಾಗಲ್ಲ. ಆದರೆ ಮೂರು ಭಾಷೆ ಆಡೋ ಕೋಲಾರದ ಸಂತೆಯೂ ಮಿದುಳಿಗೆ ಒಂದು ಬಗೆಯ ತರಬೇತಿಯೇ ಇರಬಹುದು.

30 ಸಲ ಬೆಂಗಳೂರಿಗೆ ಹೋಗಿಬಂದರೆ?

ಈಗ ಒಂದು ಮನೆಯ ಲೆಕ್ಕ ಹಾಕೋಣ. ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಹೋಗಿಬರೋಕೆ ಸುಮಾರು 200 ಕಿಲೋಮೀಟರ್. ಆರು ವಾರದ ಚಿಕಿತ್ಸೆ ಅಂದರೆ 30 ಸಲ, ಒಟ್ಟು 6 ಸಾವಿರ ಕಿಲೋಮೀಟರ್. ರೋಗಿ ಒಬ್ಬರೇ ಹೋಗೋ ಹಾಗಿಲ್ಲ, ಜೊತೆಗೆ ಒಬ್ಬರು ಬೇಕು. ತಾಯಿ ಮಗಳಾದರೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಳಿಯುತ್ತೆ, ತಂದೆ ಮಗನಾದರೆ ಅದೂ ಇಲ್ಲ. ಜೊತೆಗೆ ಹೋದವರ ಕೂಲಿ 30 ದಿನ ಹೋಯಿತು. 2025-26ರ ನರೇಗಾ ದರ ದಿನಕ್ಕೆ 370 ರೂಪಾಯಿ ಇಟ್ಟುಕೊಂಡರೂ 11,100 ರೂಪಾಯಿ. ಚಿಕಿತ್ಸೆಯ ಬಿಲ್ ಇನ್ನೂ ಸೇರಿಸಿಲ್ಲ.

ಇದಕ್ಕಿಂತ ದೊಡ್ಡ ಖರ್ಚು ರೋಗಿಯದ್ದು. ಮರೆವಿನ ಕಾಯಿಲೆ ಇದ್ದವರಿಗೆ ಪರಿಚಯದ ಜಾಗವೇ ಆಸರೆ. ಬೆಳಗಿನ ಜಾವ ಎಬ್ಬಿಸಿ, ಬಸ್ ಹತ್ತಿಸಿ, ಗೊತ್ತಿಲ್ಲದ ಕಟ್ಟಡದಲ್ಲಿ ಗೊತ್ತಿಲ್ಲದವರ ಕೈಗೆ ತಲೆ ಕೊಡಿ ಅಂದರೆ ಕೆಲವರು ಗಾಬರಿಯಾಗ್ತಾರೆ, ಸಿಟ್ಟಾಗ್ತಾರೆ. ಒಂದೆರಡು ಅಂಕಕ್ಕಾಗಿ ಆರು ವಾರದ ಈ ತೊಂದರೆ ಬೇಕಾ ಅಂತ ಪ್ರತಿ ಮನೆಯೂ ಕೇಳಿಕೊಳ್ಳಬೇಕು. ಬೇಕು ಅನ್ನೋರು ಇರಬಹುದು. ಕಾಯಿಲೆ ಆರಂಭದಲ್ಲಿದ್ದು, ಹಣ ಇದ್ದು, ಡಾಕ್ಟರು ಎಲ್ಲ ತಿಳಿಸಿ ಹೇಳಿದ್ದರೆ ಅದು ಅವರ ಹಕ್ಕು. ಮೋಸ ಆಗೋದು ತಿಳಿಸದೆ ಮಾಡಿದಾಗ.

ಮಷಿನ್ ಇಲ್ಲದೆ ಆಗೋ ಕೆಲಸ

ಇಂಗ್ಲೆಂಡಿನಲ್ಲಿ ಏಮಿ ಸ್ಪೆಕ್ಟರ್ ಮತ್ತು ಸಂಗಡಿಗರು ಒಂದು ಸರಳ ಕ್ರಮ ರೂಪಿಸಿದರು. ಡಿಮೆನ್ಶಿಯಾ ಇರೋ ಕೆಲವರನ್ನು ಒಟ್ಟಿಗೆ ಕೂರಿಸಿ, ವಾರಕ್ಕೆ ಎರಡು ಸಲ, 45 ನಿಮಿಷದಂತೆ, ಏಳು ವಾರ ನಡೆಸೋದು. ಹಳೇ ವಸ್ತು ನೋಡಿ ಮಾತು, ಹಾಡು, ಆಟ, ಊಟ ತಿಂಡಿ ಹೆಸರು, ದುಡ್ಡಿನ ಲೆಕ್ಕ. ತಪ್ಪು ಸರಿ ಅಂಕ ಇಲ್ಲ. ಅಭಿಪ್ರಾಯ ಕೇಳ್ತಾರೆ, ನೆನಪಿದೆಯಾ ಅಂತ ಕೇಳಲ್ಲ. 2003ರಲ್ಲಿ 201 ಜನರ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಇದರಲ್ಲಿ ಪಾಲ್ಗೊಂಡವರ ಅಂಕ ಸುಧಾರಿಸಿತು, ಬದುಕಿನ ಗುಣಮಟ್ಟವೂ ಸುಧಾರಿಸಿತು. ಆಗಿನ ಮಾತ್ರೆಗಳ ಫಲಕ್ಕೆ ಹೋಲಿಸಬಹುದಾದಷ್ಟು ಫಲ. ಇದಕ್ಕೂ ಮಿತಿ ಇದೆ. ಮಾತುಕತೆಗೆ ಡಮ್ಮಿ ಮಾಡೋಕಾಗಲ್ಲ, ಕಾಯಿಲೆಯನ್ನೂ ಇದು ನಿಲ್ಲಿಸಲ್ಲ. ಆದರೆ ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯಲ್ಲಿ ಇದಕ್ಕೆ ಜಾಗ ಇದೆ. ಪಕ್ಕದ ಚೆನ್ನೈನಲ್ಲಿ ಸ್ಕಾರ್ಫ್ ಸಂಸ್ಥೆ ಇದನ್ನು ತಮಿಳಿಗೆ ಒಗ್ಗಿಸಿ ನಡೆಸಿದೆ.

ಶ್ರೀನಿವಾಸಪುರದಲ್ಲಿ ಇಂಥ ಗುಂಪು ಕೂರಿಸೋಕೆ ಏನು ಬೇಕು? ಒಂದು ಸಮುದಾಯ ಭವನ, ಚಾಪೆ, ತರಬೇತಿ ಪಡೆದ ಒಬ್ಬರು. ಬಾದಾಮಿ, ರಸಪುರಿ, ತೋತಾಪುರಿ, ನೀಲಂ ಹಣ್ಣು ಮುಂದಿಟ್ಟರೆ ಮಾವು ಬೆಳೆದ ಅಜ್ಜನ ಬಾಯಿಂದ ಮಾತು ತಾನಾಗೇ ಬರುತ್ತೆ. ಕೆಜಿಎಫ್‌ನಲ್ಲಾದರೆ ಗಣಿಯ ಸೈರನ್ ಮಾತು ತೆಗೆದರೆ ಸಾಕು. ಇದಕ್ಕೆ ವಿದೇಶಿ ಸಾಫ್ಟ್‌ವೇರ್ ಬೇಡ.

ಹಾಗಾದರೆ ಯಾಕೆ ನಡೀತಿಲ್ಲ? ಮಷಿನ್ ಮಾರೋರು ಇದ್ದಾರೆ, ಅವರಿಗೆ ಜಾಹೀರಾತಿನ ದುಡ್ಡಿದೆ. ಚಾಪೆ ಹಾಕಿ ಮಾತಾಡಿಸೋದನ್ನು ಮಾರೋರು ಯಾರೂ ಇಲ್ಲ. ಅದನ್ನು ಸರ್ಕಾರವೇ ಮಾಡಬೇಕು, ಸರ್ಕಾರ ಮಾಡಬೇಕಾದರೆ ಜನ ಕೇಳಬೇಕು. ಅಂಗನವಾಡಿ ಬೇಕು ಅಂತ ಕೇಳೋ ಗ್ರಾಮಸಭೆಗಳಲ್ಲಿ ಮರೆವಿನ ಕಾಯಿಲೆಯ ಹಿರಿಯರ ಪರವಾಗಿ ಕೇಳೋರು ಅಪರೂಪ. ಮನೆಯವರು ನಾಚಿಕೆಯಿಂದ ಮುಚ್ಚಿಡ್ತಾರೆ. ನೋಡಿಕೊಳ್ಳೋ ಕೆಲಸ ಸಾಮಾನ್ಯವಾಗಿ ಸೊಸೆ ಇಲ್ಲ ಮಗಳ ಪಾಲಿಗೆ ಬೀಳುತ್ತೆ, ಅವರಿಗೆ ಸಭೆಗೆ ಬರೋಕೆ ಪುರುಸೊತ್ತೂ ಇಲ್ಲ.

ಜಿಲ್ಲೆಯಲ್ಲೇ ಏನಿದೆ?

2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ ಶುರು ಮಾಡಿದಾಗ, ಪ್ರಾಯೋಗಿಕವಾಗಿ ಆರಿಸಿದ ಮೂರು ಕಡೆಗಳಲ್ಲಿ ಕೋಲಾರವೂ ಒಂದು. ಉಳಿದವು ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ದಕ್ಷಿಣ. ಪಾರ್ಶ್ವವಾಯು, ಮೂರ್ಛೆ, ತಲೆನೋವು, ಡಿಮೆನ್ಶಿಯಾ ಗುರುತಿಸೋಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ, ಜಿಲ್ಲಾ ಆಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಇದರ ಉದ್ದೇಶ. ಬೆಂಗಳೂರಿನ ಬಸ್ ಹತ್ತೋ ಮುಂಚೆ ಹೋಗಬೇಕಾದ ಮೊದಲ ಬಾಗಿಲು ಇದೇ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬರೋ ಮನೋಚೈತನ್ಯ ಕಾರ್ಯಕ್ರಮವೂ ರಾಜ್ಯದಲ್ಲಿ 2014ರಿಂದ ಇದೆ.

ಮೊದಲ ಬಾಗಿಲಿಗೆ ಯಾಕೆ ಹೋಗಬೇಕು ಅಂದರೆ, ಎಲ್ಲ ಮರೆವೂ ಅಲ್ಜೈಮರ್ ಅಲ್ಲ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದಾಗ ತಲೆಯೊಳಗೆ ನಿಧಾನ ಸೇರಿಕೊಂಡ ರಕ್ತ, ನಿದ್ದೆ ಮಾತ್ರೆಯ ಪರಿಣಾಮ, ಇವೆಲ್ಲ ಮರೆವು ತರ್ತವೆ. ಇವುಗಳಲ್ಲಿ ಹಲವನ್ನು ಸರಿ ಮಾಡಬಹುದು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗಿ ಇಂಜೆಕ್ಷನ್‌ನಲ್ಲಿ ಹೋಗೋ ಮರೆವಿಗೆ ಮ್ಯಾಗ್ನೆಟ್ ಹಿಡಿಸಿದರೆ ದುಡ್ಡೂ ಹೋಯಿತು, ಸಮಯವೂ ಹೋಯಿತು.

ಕಾಯಿಲೆ ಬರದ ಹಾಗೆ ನೋಡಿಕೊಳ್ಳೋ ವಿಷಯದಲ್ಲೂ ಆಧಾರ ಇದೆ. ಫಿನ್ಲೆಂಡ್‌ನಲ್ಲಿ 60ರಿಂದ 77 ವಯಸ್ಸಿನ 1,260 ಜನರಿಗೆ ಎರಡು ವರ್ಷ ಊಟದ ಕ್ರಮ, ವ್ಯಾಯಾಮ, ಮಿದುಳಿನ ತರಬೇತಿ, ಬಿಪಿ ನಿಗಾ ಎಲ್ಲ ಸೇರಿಸಿ ಮಾಡಿಸಿದಾಗ ಅವರ ನೆನಪು, ಯೋಚನೆಯ ಅಂಕ ಹೋಲಿಕೆಯ ಗುಂಪಿಗಿಂತ ಚೆನ್ನಾಗಿತ್ತು ಅಂತ 2015ರಲ್ಲಿ ಗೊತ್ತಾಯಿತು. ಜಗತ್ತಿನ ಡಿಮೆನ್ಶಿಯಾ ಪ್ರಕರಣಗಳಲ್ಲಿ ಶೇ 45ರಷ್ಟು 14 ಅಪಾಯಕಾರಿ ಅಂಶಗಳಿಗೆ ಸಂಬಂಧಿಸಿದವು, ಅವನ್ನು ಸರಿಪಡಿಸಿದರೆ ಇಷ್ಟನ್ನು ತಡೆಯೋಕೆ ಇಲ್ಲ ಮುಂದೂಡೋಕೆ ಸಾಧ್ಯ ಅಂತ 2024ರ ಲ್ಯಾನ್ಸೆಟ್ ಆಯೋಗ ಹೇಳಿದೆ. ಬಿಪಿ, ಶುಗರ್, ಬೀಡಿ ಸಿಗರೇಟು, ಮದ್ಯ, ಕಿವಿ ಕೇಳದಿರೋದು, ಕಣ್ಣು ಮಂಜಾಗಿರೋದು, ಒಂಟಿತನ ಎಲ್ಲ ಆ ಪಟ್ಟಿಯಲ್ಲಿವೆ. ಅಪ್ಪನಿಗೆ ಕಿವಿ ಮಂದ, ಬಿಡು ಅಂತ ಸುಮ್ಮನಿರೋ ಮನೆಗಳು ಕಿವಿಯ ಮಷಿನ್ ಬಗ್ಗೆ ಮೊದಲು ಯೋಚಿಸಬಹುದು.

ಸಹಿ ಹಾಕೋ ಮುಂಚೆ ಕೇಳಬೇಕಾದ ಆರು ಪ್ರಶ್ನೆ

1. ಇದು ಅಲ್ಜೈಮರ್ರೇ ಅಂತ ಹೇಗೆ ತೀರ್ಮಾನ ಮಾಡಿದ್ರಿ? ಬಿ12, ಥೈರಾಯ್ಡ್, ಸ್ಕ್ಯಾನ್ ಆಗಿದೆಯಾ?

2. ಈ ಮಷಿನ್‌ಗೆ ಒಪ್ಪಿಗೆ ಇರೋದು ಖಿನ್ನತೆಗಾ, ಮರೆವಿಗಾ?

3. ಎಷ್ಟು ಸಲ ಬರಬೇಕು, ಒಟ್ಟು ಎಷ್ಟು ದುಡ್ಡು? ಮಧ್ಯದಲ್ಲಿ ಬಿಟ್ಟರೆ ವಾಪಸ್ ಕೊಡ್ತೀರಾ?

4. ಎಷ್ಟು ಸುಧಾರಣೆ ನಿರೀಕ್ಷೆ ಮಾಡಬಹುದು? ಅದು ಎಷ್ಟು ತಿಂಗಳು ಉಳಿಯುತ್ತೆ? ಆಮೇಲೆ ಮತ್ತೆ ಶುರು ಮಾಡಬೇಕಾ?

5. ಫಿಟ್ಸ್ ಬಂದರೆ ನೋಡಿಕೊಳ್ಳೋ ವ್ಯವಸ್ಥೆ ಇಲ್ಲಿದೆಯಾ? ಡಾಕ್ಟರು ಜಾಗದಲ್ಲೇ ಇರ್ತಾರಾ?

6. ಇದು ಸಂಶೋಧನೆಯ ಭಾಗವಾ? ಹಾಗಿದ್ದರೆ ನಮ್ಮಿಂದ ಯಾಕೆ ದುಡ್ಡು ತಗೋತೀರಾ?

ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡೋ ಡಾಕ್ಟರು ಇದ್ದರೆ ಅವರ ಮಾತು ಕೇಳಿ. ನೂರಕ್ಕೆ ನೂರು ವಾಸಿ ಅಂದರೆ ಎದ್ದು ಬನ್ನಿ. ಆನ್‌ಲೈನ್‌ನಲ್ಲಿ ಸಿಗೋ, ತಲೆಗೆ ಕರೆಂಟ್ ಬಿಡೋ ಬೆಲ್ಟು ಟೋಪಿಗಳನ್ನು ತಂದು ಮನೆಯಲ್ಲೇ ಹಾಕೋ ಸಾಹಸ ಬೇಡವೇ ಬೇಡ.

ಮುಂದೆ ಯಾವುದಾದರೂ ದೊಡ್ಡ ಪರೀಕ್ಷೆಯಲ್ಲಿ ಈ ಮ್ಯಾಗ್ನೆಟ್ ಚಿಕಿತ್ಸೆ ಗೆಲ್ಲಬಹುದು. ಗೆದ್ದರೆ ಅದು ಜಿಲ್ಲಾ ಆಸ್ಪತ್ರೆಗೂ ಬರಬೇಕು, ಬೆಂಗಳೂರಿನಲ್ಲೇ ಉಳಿಯಬಾರದು. ಅಲ್ಲಿವರೆಗೆ ಸಂಜೆ ಒಂದು ಗಂಟೆ ಪಕ್ಕದಲ್ಲಿ ಕೂತು, ನೆನಪಿದೆಯಾ ಅಂತ ಪರೀಕ್ಷೆ ಮಾಡದೆ ಅವರು ಹೇಳೋದನ್ನು ಕೇಳೋದಕ್ಕೆ ಯಾವ ಸಮಿತಿಯ ಒಪ್ಪಿಗೆಯೂ ಬೇಕಿಲ್ಲ.

ಸಹಾಯಕ್ಕೆ: ಮಾನಸಿಕ ಆರೋಗ್ಯದ ಸರ್ಕಾರಿ ಉಚಿತ ಸಹಾಯವಾಣಿ ಟೆಲಿ ಮನಸ್ 14416. ಹಿರಿಯ ನಾಗರಿಕರ ಸಹಾಯವಾಣಿ 14567.